ಅಳಿವೆಯಿಂದ ಬರುವ ಮಾತು

ನನ್ನ ಭಾವ ಬೆಲ್ಶಿಯೋರನಿಗೆ ಒಂದು ಕಡೆ ಕೂರಲು ಬರುತ್ತಿರಲಿಲ್ಲ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ಚರ್ಚಿನಲ್ಲಿ ಪಾದ್ರಿ ಲ್ಯಾಟಿನ್ ಶುರು ಮಾಡಿದರೆ ಸಾಕು, ಎದ್ದು ಹೊರಗೆ ಹೋಗಿ ಗಾಳಿ ಯಾವ ಕಡೆಯದು ಎಂದು ನೋಡಿ ಬರುತ್ತಿದ್ದ. ನಮ್ಮಕ್ಕ ಅಲ್ದೊನ್ಸ ಅವನ ಪಕ್ಕದಲ್ಲೇ ಕೂತು, ಅವನ ಪಾದದ ಮೇಲೆ ತನ್ನ ಪಾದ ಒತ್ತಿ ಇಟ್ಟುಕೊಳ್ಳುತ್ತಿದ್ದಳು. "ಇವರ ಕಾಲಲ್ಲಿ ಚಕ್ರ ಇದೆ ದ್ಯೋಗು, ನಾನು ಕಲ್ಲು ಕೊಟ್ಟು ನಿಲ್ಸಿದೀನಿ ಅಷ್ಟೆ," ಎಂದು ನನಗೆ ಹೇಳುತ್ತಿದ್ದಳು.

ಇಂಥವನನ್ನು ಅವಳು ಯಾಕೆ ಕಟ್ಟಿಕೊಂಡಳು ಎಂದರೆ, ಅವನ ಕೆಲಸ ನೋಡಿ. ನಮ್ಮೂರು ಪಾಸು ಇರುವುದು ತೇಜು ನದಿ ಕಡಲು ಸೇರುವ ಕಡೆ. ಲಿಸ್ಬನ್ನಿನಿಂದ ಹೊರಟ ಹಡಗು ನಮ್ಮ ಅಳಿವೆ ದಾಟದೆ ಎಲ್ಲಿಗೂ ಹೋಗುವಂತಿಲ್ಲ. ಅಳಿವೆಯ ತುಂಬ ಮರಳುದಿಣ್ಣೆಗಳು, ಅವು ಪ್ರತಿ ಚಳಿಗಾಲವೂ ಮೈ ಹೊರಳಿಸುತ್ತವೆ. ಹಾಗಾಗಿ ಎಂಥ ದೊಡ್ಡ ಕಪ್ತಾನನೂ ಇಲ್ಲಿ ನಮ್ಮೂರಿನ ಅಂಬಿಗನೊಬ್ಬನನ್ನು ಹತ್ತಿಸಿಕೊಳ್ಳಬೇಕು. ಅಂಬಿಗ ಚುಕ್ಕಾಣಿಯ ಪಕ್ಕ ನಿಂತು ದಾರಿ ಹೇಳುತ್ತಾನೆ. ಹಡಗನ್ನು ಅಳಿವೆಯ ಆಚೆಗೆ ಬಿಟ್ಟು, ಹಗ್ಗದ ಏಣಿ ಇಳಿದು, ಹಿಂದೆಯೇ ಬಂದ ದೋಣಿಗೆ ಹಾರಿ ಮನೆಗೆ ಬರುತ್ತಾನೆ. ಆ ದೋಣಿಗೆ ಹುಟ್ಟು ಹಾಕುವವರಲ್ಲಿ ನಾನೂ ಒಬ್ಬ.

ನಮ್ಮಪ್ಪ ಗಿನಿ ಕರಾವಳಿಗೆ ಹೋದವನು ಬರಲಿಲ್ಲ. ಅಪ್ಪನನ್ನು ಹುಡುಕುತ್ತೇನೆಂದು ಹೋದ ಅಣ್ಣನೂ ಬರಲಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಸಂಜೆ ಊಟಕ್ಕೆ ಮನೆಗೆ ಬರುವ ಗಂಡ. ಕಡಲ ಊರಿನಲ್ಲಿ ಅಂಥ ಗಂಡ ಸಿಗುವುದು ಅಳಿವೆಯ ಅಂಬಿಗರಲ್ಲಿ ಮಾತ್ರ. ಮದುವೆಗೆ ಮುಂಚೆಯೇ ಬೆಲ್ಶಿಯೋರನನ್ನು ದೇವಮಾತೆಯ ಮುಂದೆ ನಿಲ್ಲಿಸಿ, ಯಾವ ಹಡಗಿನಲ್ಲೂ ಒಂದು ರಾತ್ರಿ ಕಳೆಯುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು. ಅವನು ಹಾಕಿದ. ಆಗ ಅವನಿಗೆ ಅವಳ ಮೇಲೆ ಅಷ್ಟು ಮರುಳು.

ಆದರೆ ಕಾಲ ಕೆಟ್ಟಿತ್ತು ಅನ್ನಿ. ನಾವು ಚಿಕ್ಕವರಿದ್ದಾಗ ಹಡಗುಗಳು ಗಿನಿಗೆ ಹೋಗುತ್ತಿದ್ದವು, ಮದೈರಾ ದ್ವೀಪಕ್ಕೆ ಹೋಗುತ್ತಿದ್ದವು. ಈಗ ಆಫ್ರಿಕಾದ ಬುಡ ಸುತ್ತಿ ಇಂಡಿಯಾಕ್ಕೇ ಹೊರಡುತ್ತಿದ್ದವು. ವರ್ಷವರ್ಷವೂ ಹಡಗು ದೊಡ್ಡದಾಯಿತು, ಅದರ ಹೊಟ್ಟೆಯಲ್ಲಿ ಫಿರಂಗಿ ಹೆಚ್ಚಾಯಿತು. ದೊರೆಯ ಮನೆಯಲ್ಲಿ ಮೆಣಸಿನ ವಾಸನೆ, ಬೀದಿಯಲ್ಲಿ ಮೆಣಸಿನ ಮಾತು. ಹೊಲ ಉಳುವ ಹುಡುಗರೂ ನೇಗಿಲು ಬಿಟ್ಟು ಬಂದು ಹಡಗು ಹತ್ತುತ್ತಿದ್ದರು. ಅವರಿಗೆಲ್ಲ ಬಾಗಿಲು ತೆರೆದು ಕೊಡುವವನು ನಮ್ಮ ಭಾವ, ಹೊಸ್ತಿಲಾಚೆ ಕಾಲಿಡದವನೂ ಅವನೇ. ಏಣಿ ಇಳಿದು ದೋಣಿಯಲ್ಲಿ ಕೂತ ಮೇಲೆ ಅವನು ಹಡಗು ಸಣ್ಣದಾಗುವವರೆಗೂ ಅದನ್ನೇ ನೋಡುತ್ತಿದ್ದ. "ಭಾವ, ಕುತ್ತಿಗೆ ಉಳುಕೀತು," ಎಂದು ನಾನು ಕೆಣಕುತ್ತಿದ್ದೆ.

"ಮದುವೆಯಲ್ಲಿ ಬಡಿಸೋನ ಪಾಡು ನಂದು ಕಣೋ," ಎನ್ನುತ್ತಿದ್ದ. "ಊರಿಗೆಲ್ಲ ಬಡಿಸಿ ನಾನು ಪಾತ್ರೆ ತೊಳೆಯೋದು."

ಈ ಕೆಲಸಕ್ಕೆ ಅಂಟಿಕೊಂಡು ಇನ್ನೊಂದು ಕೆಲಸವಿತ್ತು. ಅಂಬಿಗ ಇಳಿಯುವ ಹೊತ್ತಿಗೆ ಹಡಗಿನ ಹುಡುಗರಿಗೆ ಒಮ್ಮೆಲೇ ಎದೆ ಝಲ್ ಎನ್ನುತ್ತದೆ. ದಡಕ್ಕೆ ಹಿಂದಿರುಗುವ ಕೊನೆಯ ಮನುಷ್ಯ ಅವನೇ ತಾನೆ. ಲಂಗರು ಎತ್ತುವಾಗ ಕೇಕೆ ಹಾಕಿದವರೇ ಈಗ ಅವನ ಅಂಗಿ ಹಿಡಿದು ಜಗ್ಗುತ್ತಾರೆ. "ಅಮ್ಮನಿಗೆ ಹೇಳು, ನಾನು ಬರೋವರೆಗೆ ಹಂದಿ ಮಾರ್ಬಾರ್ದು ಅಂತ." "ತಂಗಿ ಮದುವೆಗೆ ನನ್ನ ಕಾಯ್ಬೇಡಿ ಅನ್ನು." "ಅಪ್ಪನಿಗೆ ಹೇಳು, ಅವತ್ತು ಹೊಡೆದಿದ್ದಕ್ಕೆ ನನಗೇನೂ ಸಿಟ್ಟಿಲ್ಲ." ಓದು ಬರಹ ಬಾರದ ನಮ್ಮ ಭಾವ ಬೆರಳಿನ ಒಂದೊಂದು ಗೆಣ್ಣಿಗೆ ಒಂದೊಂದು ಮಾತು ಕಟ್ಟಿಕೊಂಡು ಇಳಿಯುತ್ತಿದ್ದ. ಮರುದಿನ ಬೆಳಿಗ್ಗೆ ತಾಯಂದಿರು, ಹೆಂಡಂದಿರು ಲಿಸ್ಬನ್ನಿನಿಂದ ನಡೆದು ಬಂದು ನಮ್ಮೂರ ಚರ್ಚಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಭಾವ ಬೆರಳು ಮುಟ್ಟಿಕೊಳ್ಳುತ್ತ ಒಬ್ಬೊಬ್ಬರಿಗೂ ಅವರವರ ಮಾತು ಒಪ್ಪಿಸುತ್ತಿದ್ದ. ಒಂದು ಮಾತೂ ಅದಲು ಬದಲಾದದ್ದಿಲ್ಲ. ಆ ಹೊತ್ತಿನಲ್ಲಿ ಮಾತ್ರ ಅವನ ಕಾಲು ಸುಮ್ಮನಿರುತ್ತಿತ್ತು.

ಅದೊಂದು ವಸಂತದಲ್ಲಿ ಇಂಡಿಯಾದ ಹಡಗುಗಳು ತಡವಾಗಿ ಹೊರಟವು. ಬಡಗಣ ಗಾಳಿ ಚೆನ್ನಾಗಿತ್ತು, ಆದರೆ ನೈಋತ್ಯದಿಂದ ದೊಡ್ಡ ಅಲೆ ಉರುಳಿ ಬರುತ್ತಿತ್ತು. ಭಾವ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿದ್ದ ಹಡಗನ್ನು ದಾಟಿಸಿದ. ನಾವು ದೋಣಿಯನ್ನು ಹಡಗಿನ ಮಗ್ಗುಲಿಗೆ ತಂದಾಗ ಅಲೆ ನಮ್ಮನ್ನು ಎತ್ತಿ ಹಲಗೆಗೆ ಬಡಿಯಿತು. ನನ್ನ ಪಕ್ಕದವನ ಹುಟ್ಟು ಕಡ್ಡಿಯಂತೆ ಮುರಿಯಿತು. ಎರಡನೆಯ ಸಲ ಹತ್ತಿರ ಹೋದೆವು. ಭಾವ ಏಣಿಯ ಅರ್ಧಕ್ಕೆ ಇಳಿದಿದ್ದ.

"ಹಾರು ಭಾವ! ಈಗ ಹಾರು!" ಎಂದು ನಾನು ಕಿರುಚಿದೆ.

ಅವನು ನನ್ನನ್ನು ನೋಡಿದ. ಕೆಳಗಿನ ನೀರು ನೋಡಿದ. ಮೇಲಿನಿಂದ ಕಪ್ತಾನ ಕೂಗುತ್ತಿದ್ದ: "ಗಾಳಿ ಬಂದಾಗ ತೂರಿಕೊಳ್ಬೇಕು, ನಿನಗೋಸ್ಕರ ನಾನು ಹಡಗು ನಿಲ್ಸೋಕಾಗಲ್ಲ. ಇಳಿಯೋದಾದ್ರೆ ಇಳಿ, ಇಲ್ಲಾಂದ್ರೆ ಮೇಲೆ ಬಾ!" ಭಾವ ಮೇಲೆ ಹೋದ. ಅಂಚಿಗೆ ಬಂದು, ಎರಡೂ ಕೈ ಬಾಯಿಗೆ ಹಿಡಿದು ಕೂಗತೊಡಗಿದ. ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಅವನು ಹುಡುಗರ ಮಾತುಗಳನ್ನು ನನಗೆ ಒಪ್ಪಿಸುತ್ತಿದ್ದ. ಬೆರಳು ಮುಟ್ಟಿಕೊಳ್ಳುತ್ತ, ಗಾಳಿಗೆ ಗಂಟಲು ಹರಿದುಕೊಳ್ಳುತ್ತ, ಇಂಥವನ ತಾಯಿಗೆ ಹೀಗೆ, ಇಂಥವನ ಹೆಂಡತಿಗೆ ಹಾಗೆ. ದೋಣಿಯಲ್ಲಿದ್ದ ನಾವು ಮೂರು ಜನ ಹಂಚಿಕೊಂಡು ನೆನಪಿಟ್ಟುಕೊಂಡೆವು. ಕೊನೆಯ ಬೆರಳೂ ಮುಗಿಯಿತು. ಅವನು ಕೈ ಇಳಿಸಿದ. ಹಡಗು ಹೋಯಿತು.

ಮನೆಗೆ ಬಂದಾಗ ಅಕ್ಕ ಎಲೆಕೋಸಿನ ಸಾರಿಗೆ ಎಣ್ಣೆ ಬಿಡುತ್ತಿದ್ದಳು. ನಾನೊಬ್ಬನೇ ಒಳಗೆ ಬಂದದ್ದನ್ನು ನೋಡಿ ಎಣ್ಣೆಯ ಬುದ್ದಲಿ ಕೆಳಗಿಟ್ಟಳು. ನಡೆದದ್ದನ್ನು ಹೇಳಿದೆ. ಅವಳು ಅಳಲಿಲ್ಲ.

"ಎಲ್ಲರ ಮಾತೂ ಹೇಳಿದ್ರಾ?"

"ಹೂಂ ಅಕ್ಕ."

"ನನಗೇನ್ ಹೇಳಿದ್ರು?"

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬಂದರೂ ಅಕ್ಕನ ಮುಂದೆ ನಿಲ್ಲುವುದಿಲ್ಲ. "ಏನೂ ಹೇಳಲಿಲ್ಲ," ಎಂದೆ.

ಅವಳು ನನ್ನ ತಟ್ಟೆಗೆ ಸಾರು ಹಾಕಿದಳು. "ಹೋಗೋರು ಹೇಳಿ ಹೋಗ್ತಾರೆ. ಇವರು ಹೋಗಿಲ್ಲ. ಹಡಗು ಇವರನ್ನ ಹೊತ್ಕೊಂಡು ಹೋಗಿದೆ. ಅದಕ್ಕೇ ಏನೂ ಹೇಳಿಲ್ಲ. ಊಟ ಮಾಡು," ಎಂದಳು.

ಊರು ಹಾಗೆ ತಿಳಿಯಲಿಲ್ಲ. ಬೆಕ್ಕನ್ನು ಹಾಲು ಕಾಯಲು ಇಟ್ಟರೆ ಇನ್ನೇನಾದೀತು ಎಂದು ಬಾವಿಕಟ್ಟೆಯಲ್ಲಿ ನಕ್ಕರು. ಅಕ್ಕ ಒಬ್ಬಳ ಕೊಡ ಒಡೆದು ಬಂದಳು. "ಆಣೆ ಹಾಕಿದ ಮನುಷ್ಯ ಕಣೇ ಅವನು. ಆಣೆ ಮುರಿಯೋನಾದ್ರೆ ನನಗೊಂದು ಮಾತು ಹೇಳಿಯಾದ್ರೂ ಮುರೀತಿದ್ದ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಅವಳು ಹಿಡಿದುಕೊಂಡಿದ್ದು ಅದೊಂದೇ ಎಳೆ. ಅಲೆ ಎಷ್ಟು ದೊಡ್ಡದಿತ್ತು, ಏಣಿಯಿಂದ ದೋಣಿ ಎಷ್ಟು ದೂರವಿತ್ತು ಎಂದು ನನ್ನನ್ನು ಮತ್ತೆಮತ್ತೆ ಕೇಳುತ್ತಿದ್ದಳು. ದೊಡ್ಡದಿತ್ತು ಅಕ್ಕ, ಎನ್ನುತ್ತಿದ್ದೆ. ದೊಡ್ಡದೇ ಇತ್ತು. ಹಾರಲಾಗದಷ್ಟು ದೊಡ್ಡದಿತ್ತೇ ಎನ್ನುವುದು ನನಗೆ ಇಂದಿಗೂ ಗೊತ್ತಿಲ್ಲ.

ಭಾವನ ರೋಗ ಅವಳಿಗೆ ತಗುಲಿತು. ಸಾರು ಒಲೆಯ ಮೇಲಿಟ್ಟು ಕಡಲಂಚಿಗೆ ಹೋಗುವುದು, ಅಲ್ಲಿಂದ ಗುಡ್ಡ ಹತ್ತುವುದು, ಸಾರು ಸೀದ ವಾಸನೆ ಬಂದಾಗ ಓಡಿ ಬರುವುದು. ನಿದ್ದೆಯಲ್ಲೂ ಕಾಲು ಒದೆಯುತ್ತಿದ್ದಳಂತೆ. ಚರ್ಚಿನಲ್ಲಿ ಪಾದ್ರಿ ಲ್ಯಾಟಿನ್ ಶುರು ಮಾಡಿದರೆ ಈಗ ಎದ್ದು ಹೊರಗೆ ಹೋಗುವವಳು ಅವಳು.

ಎರಡನೆಯ ಬೇಸಿಗೆ ಮುಗಿಯುವಾಗ ಒಂದು ಮಧ್ಯಾಹ್ನ ಪಶ್ಚಿಮದಲ್ಲಿ ಹಾಯಿ ಕಂಡಿತು. ಇಂಡಿಯಾದಿಂದ ಬಂದ ಹಡಗು ಅಳಿವೆಯ ಹೊರಗೆ ಲಂಗರು ಹಾಕಿ, ಫಿರಂಗಿ ಹಾರಿಸಿ, ನಮ್ಮೂರ ಅಂಬಿಗನಿಗೆ ಕಾಯುವುದು ರೂಢಿ. ಇದು ಕಾಯಲಿಲ್ಲ. ಹರಿದ ಹಾಯಿ, ಪಾಚಿ ಹಿಡಿದ ಹೊಟ್ಟೆ ಹೊತ್ತುಕೊಂಡು ದಿಣ್ಣೆಗಳ ನಡುವೆ ನೆಟ್ಟಗೆ ಒಳಗೆ ಬಂತು. ದಡದಲ್ಲಿ ಬಲೆ ಹೊಲಿಯುತ್ತಿದ್ದವರೆಲ್ಲ ಎದ್ದು ನಿಂತರು. ಅಂಬಿಗನಿಲ್ಲದೆ ಒಳಗೆ ಬರಬೇಕಾದರೆ ಹಡಗಿನಲ್ಲೇ ಅಂಬಿಗನಿರಬೇಕು. ನಾನು ಅಕ್ಕನ ಮನೆಗೆ ಓಡಿದೆ. ಅವಳಿಗೆ ಆಗಲೇ ಗೊತ್ತಿತ್ತು. ಬೂತಾಯಿ ಮೀನಿಗೆ ಉಪ್ಪು ಸವರುತ್ತ ಕೂತಿದ್ದಳು. "ಎರಡು ವರ್ಷ ನಾನು ದಡಕ್ಕೆ ಹೋಗಿದೀನಿ. ಇವತ್ತು ಅವರೇ ಮನೆಗೆ ಬರ್ಲಿ," ಎಂದಳು. ಉಪ್ಪು ಸವರಿದ ಮೀನಿಗೇ ಮತ್ತೆ ಉಪ್ಪು ಸವರಿದಳು.

ಭಾವ ಬಂದ. ಹಲ್ಲು ಅರ್ಧ ಉದುರಿದ್ದವು, ಗಡ್ಡ ಬೆಳ್ಳಗಾಗಿತ್ತು, ಚರ್ಮ ಹಳೆಯ ಹಾಯಿಬಟ್ಟೆ. ಅಕ್ಕ ಅವನ ಮುಖ ಹಿಡಿದು ನೋಡಿ, ತೊಳೆಸಿ, ಮೇಜಿಗೆ ಕೂರಿಸಿದಳು. ಅವನು ತಿಂದ. ನಾವಿಬ್ಬರೂ ನೋಡಿದೆವು.

"ಇಂಡಿಯಾ ಹೇಗಿದೆ ಭಾವ?" ಎಂದೆ.

"ಕೊಚ್ಚಿಯಲ್ಲೂ ಒಂದು ಅಳಿವೆ ಇದೆ ಕಣೋ ದ್ಯೋಗು," ಎಂದ. "ಅಲ್ಲೂ ಮರಳು. ಅಲ್ಲೂ ಒಬ್ಬ ಅಂಬಿಗ ದೋಣೀಲಿ ಬಂದು ಹಡಗು ಹತ್ತಿದ. ಸೊಂಟಕ್ಕೊಂದು ತುಂಡು ಬಟ್ಟೆ, ಬಾಯ್ತುಂಬ ಎಲೆ ಅಡಿಕೆ. ನಮ್ಮನ್ನ ಒಳಗೆ ಬಿಟ್ಟ, ಏಣಿ ಇಳಿದ, ಸಂಜೆ ಮನೆಗೆ ಹೋದ. ನಾನು ಅಂಚಲ್ಲಿ ನಿಂತು ಅವನನ್ನೇ ನೋಡ್ತಿದ್ದೆ. ಅರ್ಧ ಭೂಮಿ ಸುತ್ತಿ ನಾನು ನೋಡಿದ್ದು ನನ್ನನ್ನೇ!"

ನಾನು ನಕ್ಕೆ. ಅಕ್ಕನೂ ನಕ್ಕಳು. ಬೇರೆ ಸಂಗತಿಗಳನ್ನು ಅವನು ಅವಳ ಮುಂದೆ ಹೇಳಲಿಲ್ಲ. ಆಮೇಲೊಂದು ದಿನ ದೋಣಿಗೆ ಕೀಲೆಣ್ಣೆ ಬಳಿಯುವಾಗ ನನಗೆ ಹೇಳಿದ: ಅಲ್ಲಿನ ಒಂದು ಊರಿನ ಮೇಲೆ ನಮ್ಮವರು ಬೆಳಗಿನಿಂದ ಫಿರಂಗಿ ಹಾರಿಸಿದರಂತೆ. ಅಂಗಡಿ ಬೀದಿ ಉರಿಯುವುದು, ಹೆಂಗಸರು ಮಕ್ಕಳನ್ನೆತ್ತಿಕೊಂಡು ಮರಳಿನ ಮೇಲೆ ಓಡುವುದು ಹಡಗಿಗೆ ಕಾಣುತ್ತಿತ್ತಂತೆ. ಯಾಕೆ ಎಂದು ಕೇಳಿದ್ದಕ್ಕೆ, ಇನ್ನು ಮೇಲೆ ಮೆಣಸು ನಮಗೇ ಮಾರಲಿ ಅಂತ, ಎಂದರಂತೆ. "ನಾನು ಬಾಗಿಲು ತೆಗೆದು ಬಿಟ್ಟಿದ್ದು ಇದಕ್ಕೇನೋ?" ಎಂದು ಕೇಳಿದ.

ಮೇಜಿನ ಮಾತಿಗೆ ಬರುತ್ತೇನೆ. ತಟ್ಟೆ ಖಾಲಿಯಾದ ಮೇಲೆ ಅಕ್ಕ ಕೇಳಿದಳು. ಎರಡು ವರ್ಷ ಕಾದು ಇಟ್ಟುಕೊಂಡಿದ್ದ ಪ್ರಶ್ನೆ.

"ಅವತ್ತು ನಿಮಗೆ ಹಾರೋಕಾಗ್ಲಿಲ್ಲ. ಅಲ್ವಾ?"

ಭಾವ ರೊಟ್ಟಿಯ ಚೂರಿನಿಂದ ತಟ್ಟೆ ಒರೆಸಿದ. "ಹಾರಬಹುದಿತ್ತು. ಬಹುಶಃ," ಎಂದ. "ಕಾಲು ಕೇಳಲಿಲ್ಲ."

"ಮತ್ತೆ ನನಗ್ಯಾಕೆ ಒಂದು ಮಾತೂ ಹೇಳಿ ಕಳಿಸ್ಲಿಲ್ಲ?"

"ಅವರೆಲ್ಲರದ್ದು ನೆನಪಿಟ್ಕೊಳ್ಳೋದ್ರಲ್ಲಿ..." ಎಂದು ತಲೆ ಕೆರೆದುಕೊಂಡ. "ಮರೆತೇಬಿಟ್ಟೆ ಅಲ್ದೊನ್ಸ."

ಅಕ್ಕ ಎದ್ದಳು. ಮುಖ ಕೆಂಪಗಾಗಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ! ಯಾರದ್ದೋ ಹಂದಿ ಮಾರಬಾರದು ಅನ್ನೋದು ನಿನಗೆ ನೆನಪಿತ್ತು. ನಾನು ಮರೆತು ಹೋದೆ. ಬಾವಿಕಟ್ಟೆಯಲ್ಲಿ ನಿನಗೋಸ್ಕರ ಹೊಡೆದಾಡಿದೀನಿ ಕಣೋ ನಾನು!" ಅವನ ಮುಂದಿನ ತಟ್ಟೆ ಕಿತ್ತುಕೊಂಡಳು. "ಒಂದು ಸುಳ್ಳಾದ್ರೂ ಹೇಳಬಾರದಿತ್ತಾ? ಕೂಗಿದ್ದೆ, ಗಾಳಿಗೆ ಕೇಳಿಸ್ಲಿಲ್ಲ ಅನ್ನಬಾರದಿತ್ತಾ? ನಾನು ನಂಬ್ತಿದ್ದೆ!"

ಭಾವನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಅದರ ಮೇಲೆ ಅವಳು ಪಾದ ಇಡಲಿಲ್ಲ.

ಹೋಗಿ ಬಂದರೆ ತುರಿಕೆ ತೀರುತ್ತದೆ ಎಂದು ನಾವು ಎಣಿಸಿದ್ದೆವು. ತೀರಲಿಲ್ಲ. ಚಳಿಗಾಲವಿಡೀ ಬೆಂಕಿಯ ಮುಂದೆ ಕೂತು ಬಾಗಿಲು ನೋಡುತ್ತಿದ್ದ. ಮಾರ್ಚಿನಲ್ಲಿ ಇಂಡಿಯಾದ ಹಡಗುಗಳು ಮತ್ತೆ ತೇಲಿ ಬಂದವು. ಅಳಿವೆ ದಾಟಿಸಲು ಭಾವ ಹಡಗು ಹತ್ತಿದ. ಅವನನ್ನು ಹಿಂದಕ್ಕೆ ಕರೆತರಲು ನಾವು ದೋಣಿ ನೀರಿಗೆ ತಳ್ಳುತ್ತಿದ್ದಾಗ ಅಕ್ಕ ಬಂದು ಲಂಗ ಎತ್ತಿ ಕಟ್ಟಿ ಹಿಂದಿನ ಹಲಗೆಯ ಮೇಲೆ ಕೂತಳು.

ನನ್ನ ಜೊತೆಯವನು ಶಿಲುಬೆಯ ಗುರುತು ಮಾಡಿಕೊಂಡ. "ಹೆಂಗಸು ದೋಣೀಲಿ ಕೂತ್ರೆ ಗಾಳಿ ಕೆಡುತ್ತೆ ಮಾರಾಯ್ತಿ, ಇಳಿ."

"ಹೋದ ಸಲ ಹೆಂಗಸಿಲ್ಲದೆ ಹೋಗಿ ಏನ್ ಉದ್ಧಾರ ಮಾಡಿದ್ರಿ? ಹುಟ್ಟು ಹಾಕು."

ಅವತ್ತು ಅಲೆ ಅಷ್ಟಿರಲಿಲ್ಲ. ಅಳಿವೆಯಾಚೆ ಹಡಗಿನ ಮಗ್ಗುಲಿಗೆ ಹೋದೆವು. ಮೇಲೆ ಅಂಚಿನ ಉದ್ದಕ್ಕೂ ಹುಡುಗರ ತಲೆಗಳು. ಅಕ್ಕನ ಕಣ್ಣು ಮಾತ್ರ ಏಣಿಯನ್ನು ಬಿಟ್ಟು ಕದಲಲಿಲ್ಲ. ಭಾವ ಏಣಿಯ ಅರ್ಧಕ್ಕೆ ಇಳಿದ. ಅಲ್ಲಿ ನಿಂತ. ಅವಳನ್ನು ನೋಡಿದ. ಆಮೇಲೆ, ದೇವರಾಣೆಗೂ, ತಲೆ ಎತ್ತಿ ಮೇಲಿನ ಹಾಯಿ ನೋಡಿದ. ಅಕ್ಕ ಬೈಯುತ್ತಾಳೆ, ಕೂಗುತ್ತಾಳೆ ಎಂದುಕೊಂಡೆ. ಕೂಗಲಿಲ್ಲ.

"ದ್ಯೋಗು, ದೋಣಿ ತಿರುಗಿಸು," ಎಂದಳು.

"ಅಕ್ಕ..."

"ಒಂದು ಸಲ ಕಾದಿದೀನಿ. ಇನ್ನೊಂದು ಸಲ ಕಾಯಲ್ಲ. ತಿರುಗಿಸು."

ತಿರುಗಿಸಿದೆವು. ಅವಳು ಹಡಗಿಗೆ ಬೆನ್ನು ಹಾಕಿ ದಡ ನೋಡುತ್ತ ಕೂತಳು. ನನ್ನ ಮುಖ ಮಾತ್ರ ಹಡಗಿನ ಕಡೆಗಿತ್ತು, ಹುಟ್ಟು ಹಾಕುವವನು ಹಾಗೇ ಕೂರಬೇಕಲ್ಲ. ಹಡಗಿಗೂ ದೋಣಿಗೂ ನಡುವೆ ನೀರು ಹೆಚ್ಚಾಗುವುದನ್ನು ಭಾವ ನೋಡಿದ. ಏಣಿ ಬಿಟ್ಟು ಹಾರಿದ. ದೋಣಿಗಲ್ಲ, ನೀರಿಗೆ. ಅರ್ಧ ಹಲ್ಲುದುರಿದ ಮುದುಕ, ಮಾರ್ಚಿನ ಕೊರೆಯುವ ನೀರು. ಎರಡು ಸಲ ಮುಳುಗಿದ. ಕೂದಲು ಹಿಡಿದು ಒಳಗೆ ಎಳೆದುಕೊಂಡೆವು. ಅಕ್ಕ ತನ್ನ ಶಾಲು ಹೊದಿಸಿ, ಬೆನ್ನಿಗೆ ಗುದ್ದಿ ಗುದ್ದಿ ನೀರು ಕಕ್ಕಿಸಿದಳು. ಗುದ್ದಿದ್ದರಲ್ಲಿ ಸ್ವಲ್ಪ ಹೆಚ್ಚೇ ಇತ್ತು.

ಉಸಿರು ಬಂದ ಮೇಲೆ ಭಾವ ತನ್ನ ಬೆರಳು ನೋಡಿಕೊಂಡ. ಒಂದೊಂದಾಗಿ ಗೆಣ್ಣು ಮುಟ್ಟಿದ. ಮತ್ತೆ ಮೊದಲಿನಿಂದ ಮುಟ್ಟಿದ. ಅವನ ಮುಖ ಬಿಳಿಚಿತು.

"ಅಲ್ದೊನ್ಸ, ಒಂದೂ ನೆನಪಿಲ್ಲ. ಒಬ್ಬ ಹುಡುಗನ ಮಾತೂ ನೆನಪಿಲ್ಲ."

ಅವಳು ಅವನನ್ನು ಎದೆಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ, ನಾನು ಹುಟ್ಟಿನ ಕಡೆ ನೋಡಿದೆ. ಹಡಗು ಆಗಲೇ ಕೂಗಿಗೆ ಎಟುಕದಷ್ಟು ದೂರ ಹೋಗಿತ್ತು.

ಮರುದಿನ ಬೆಳಿಗ್ಗೆ ಭಾವನಿಗೆ ಕೆಂಡದಂಥ ಜ್ವರ. "ನಾನೇ ಹೋಗಿ ಹೇಳ್ತೀನಿ," ಎಂದು ಏಳಲು ನೋಡಿದ. ಅಕ್ಕ ಅವನನ್ನು ಹಾಸಿಗೆಗೆ ತಳ್ಳಿ, ತಲೆಗೆ ಕರಿ ಬಟ್ಟೆ ಹಾಕಿಕೊಂಡು ಹೊರಟಳು. ಜೊತೆಗೆ ನಾನು. ಚರ್ಚಿನ ಮೆಟ್ಟಿಲ ಮೇಲೆ ತಾಯಂದಿರು ಕೂತಿದ್ದರು. ಧೂಳು ಕಾಲು, ಮಡಿಲಲ್ಲಿ ರೊಟ್ಟಿ ಗಂಟು. ಅಂಬಿಗ ಬಾರದ್ದನ್ನು ನೋಡಿ ಎಲ್ಲರೂ ಎದ್ದರು.

"ನಿಮ್ಮ ಮಕ್ಕಳ ಮಾತು ನೀರುಪಾಲಾಯ್ತು," ಎಂದಳು ಅಕ್ಕ. "ನನ್ನ ದೆಸೆಯಿಂದ ಆಯ್ತು. ಬೈಯೋದಿದ್ರೆ ನನ್ನ ಬೈಯಿರಿ."

ಬೈದರು. ನಿನ್ನ ಗಂಡ ನಿನಗೆ ಸಿಕ್ಕ, ನಮಗೊಂದು ಮಾತೂ ಇಲ್ವಲ್ಲೇ ಎಂದು ಒಬ್ಬಳು ಅವಳ ಮುಖಕ್ಕೇ ಹೇಳಿದಳು. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಲಿಸ್ಬನ್ನಿನ ಮೀನುಪೇಟೆಯ ಒಬ್ಬ ಮುದುಕಿ ಹತ್ತಿರ ಬಂದು ಅವಳ ಮೊಣಕೈ ಹಿಡಿದಳು.

"ನೀನು ದೋಣೀಲಿ ಹೋಗಿದ್ಯಂತೆ ಮಗಳೇ. ನನ್ನ ಮಗ ಜಿಲ್ ಕಂಡ್ನಾ? ಎಡಗಡೆ ಹುಬ್ಬಿಗೆ ಗಾಯದ ಗೆರೆ."

ಅಕ್ಕ ತಲೆ ಎತ್ತಿದಳು. "ಕಂಡ," ಎಂದಳು.

ನಾನು ಅವಳನ್ನೇ ನೋಡಿದೆ. ಏಣಿ ಬಿಟ್ಟರೆ ಆ ಹಡಗಿನಲ್ಲಿ ಅವಳು ಕಂಡದ್ದು ಏನೂ ಇರಲಿಲ್ಲ.

"ಅಂಚಲ್ಲಿ ನಿಂತಿದ್ದ," ಎಂದಳು. "ಈರುಳ್ಳಿ ಕಚ್ಚಿ ತಿಂತಿದ್ದ. ಪಕ್ಕದ ಹುಡುಗ ಏನೋ ಹೇಳಿದ, ಇವನು ನಗ್ತಿದ್ದ. ತಲೆಗೆ ಕೆಂಪು ಟೊಪ್ಪಿ ಹಾಕ್ಕೊಂಡಿದ್ದ."

ಮುದುಕಿಯ ಹುಬ್ಬು ಗಂಟಿಕ್ಕಿತು. "ಕೆಂಪಾ? ನಾನು ಹೆಣೆದು ಕೊಟ್ಟಿದ್ದು ನೀಲಿ."

ಅಕ್ಕ ತಲೆಯ ಬಟ್ಟೆಯನ್ನು ಮುಂದಕ್ಕೆ ಎಳೆದುಕೊಂಡಳು. ಮುದುಕಿ ಅವಳ ಮುಖವನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನಕ್ಕೆ ತಲೆ ಆಡಿಸಿದಳು.

"ಯಾರದ್ದೋ ಹಾಕ್ಕೊಂಡಿರ್ತಾನೆ ಬಿಡು. ಚಿಕ್ಕಂದಿನಿಂದ್ಲೂ ಹಾಗೇ ಅವನು, ಬೇರೆಯವರದ್ದೇ ಬೇಕು," ಎಂದು ಕಣ್ಣೊರೆಸಿಕೊಂಡು ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. "ಬಾ ಮಗಳೇ, ಕೂತ್ಕೋ. ಹೇಗೆ ನಗ್ತಿದ್ದ, ಹೇಳು."

ಉಳಿದ ತಾಯಂದಿರೂ ಹತ್ತಿರ ಸರಿದರು. ಅಕ್ಕ ಕೂತಳು.